ಇಗರ್ಜಿಯ ಭಿತ್ತಿಚಿತ್ರಗಳೂ ಅವುಗಳ ತೈಲಕರಡುಗಳೂ

ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ಕಂಡವರು ನಮ್ಮ ವಾಚಕರಲ್ಲಿ ಹಲವರಿರಬಹುದು. ಮುಳಬಾಗಿಲು, ಬೈರಕೂರುಗಳ ಕಡೆಯಿಂದ ಧರ್ಮಸ್ಥಳ ಉಡುಪಿಗಳ ಯಾತ್ರೆಗೆ ಹೊರಟವರು ಮಂಗಳೂರಿನಲ್ಲಿ ಒಂದು ದಿನ ತಂಗಿದರೆ ಅದನ್ನೂ ನೋಡಿಕೊಂಡು ಬರುವುದುಂಟು. ಒಳಗೆ ಕಾಲಿಟ್ಟೊಡನೆ ದೃಷ್ಟಿಯು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಗೋಡೆಯಿಂದ ಮುಂದಕ್ಕೆ ಚಾಚಿದಂತೆ ತೋರುವ ಕಂಬಗಳನ್ನು ಕಂಡು, ಇವು ಕಲ್ಲಿನವೇ ಇರಬೇಕೆಂದು ಬಗೆದು ಕೈಚಾಚಿದರೆ ಬೆರಳಿಗೆ ತಗುಲುವುದು ನುಣುಪಾದ ಗಾರೆ ಮಾತ್ರ. ಇದನ್ನು ಬರೆದವನು ಯಾರು, ಎಷ್ಟು ವರ್ಷ ಬರೆದನು ಎಂದು ನೋಡಬಂದವರೆಲ್ಲರೂ ಕೇಳುತ್ತಾರೆ. ಆದರೆ ಈ ಚಿತ್ರಗಳು ಗೋಡೆಗೆ ಬರುವ ಮೊದಲು ಎಲ್ಲಿದ್ದುವು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಈ ಲೇಖನದ ವಿಷಯವು ಆ ಪ್ರಶ್ನೆಯೇ ಆಗಿದೆ.

ಗೋಡೆಯ ಚಿತ್ರಕ್ಕೆ ಮುಂಚಿತವಾಗಿ ಒಂದು ಸಣ್ಣ ಚಿತ್ರವಿರಬೇಕಾದುದೇಕೆಂಬುದನ್ನು ತಿಳಿಯಬೇಕಾದರೆ ಸುಣ್ಣದ ಸ್ವಭಾವವನ್ನು ತಿಳಿಯಬೇಕು. ನಮ್ಮ ಹಳ್ಳಿಗಳವರಿಗೆ ಇದನ್ನು ಹೇಳುವುದು ಕಷ್ಟವಲ್ಲ. ಹಬ್ಬಕ್ಕೆ ಮೊದಲು ಗೋಡೆಗೆ ಸುಣ್ಣ ಹೊಡೆದು ಅಡಿಯಲ್ಲಿ ಕೆಮ್ಮಣ್ಣಿನ ಕಾರಣೆ ಬಳಿಯುವವರು, ಸುಣ್ಣವು ಪೂರ್ತಿಯಾಗಿ ಒಣಗಿದ ಮೇಲೆ ಬಳಿದ ಕೆಮ್ಮಣ್ಣು ಒರಗಿದವರ ಬೆನ್ನಿಗೆಲ್ಲ ಹತ್ತುವುದೆಂಬುದನ್ನೂ, ಸುಣ್ಣವು ಹಸಿಯಾಗಿರುವಾಗ ಬಿದ್ದ ಬಣ್ಣವು ಸುಲಭವಾಗಿ ಬಿಡುವುದಿಲ್ಲವೆಂಬುದನ್ನೂ ಬಲ್ಲರು. ಇಟಲಿಯವರು ‘ಫ್ರೆಸ್ಕೊ’ ಎಂದು ಕರೆಯುವ ಕಲೆಯ ಮರ್ಮವೆಲ್ಲ ಇಷ್ಟರಲ್ಲೇ ಅಡಗಿದೆ. ನೀರಿನಲ್ಲಿ ಕಲಸಿದ ಬಣ್ಣವನ್ನು, ಅಂಟು ಮೊದಲಾದುವನ್ನು ಸೇರಿಸದೆ, ಹಸಿ ಗಾರೆಯ ಮೇಲೆ ಬರೆಯುವರು. ಅರಳಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ಮರಳಿ ಸುಣ್ಣದ ಕಲ್ಲೇ ಆಗುತ್ತದೆ. ಆಗುವಾಗ ಬಣ್ಣದ ಕಣಗಳನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಹೀಗೆ ಚಿತ್ರವು ಗೋಡೆಯ ಮೇಲೆ ಬಳಿದ ಪೊರೆಯಾಗಿರದೆ ಗೋಡೆಯ ಅಂಗವೇ ಆಗಿಬಿಡುತ್ತದೆ.

ಆದರೆ ಈ ಗಟ್ಟಿತನಕ್ಕೆ ಚಿತ್ರಕಾರನು ತೆರಬೇಕಾದ ಬೆಲೆಯು ಸಾಮಾನ್ಯವಾದುದಲ್ಲ. ಗಾರೆಯು ಹಸಿಯಾಗಿರುವುದು ಕೆಲವು ಗಂಟೆಗಳ ಕಾಲ ಮಾತ್ರ. ಆದುದರಿಂದ ಆ ದಿನ ಎಷ್ಟು ಬರೆಯಬಲ್ಲನೋ ಅಷ್ಟೇ ಜಾಗಕ್ಕೆ ಬೆಳಗ್ಗೆ ಗಾರೆ ಮೆತ್ತಿಸಿ, ಸಂಜೆಯೊಳಗೆ ಅದನ್ನು ಮುಗಿಸಬೇಕು. ಉಳಿದ ಗಾರೆಯನ್ನು ಕೆತ್ತಿ ತೆಗೆಯಬೇಕು. ಹಳೆಯ ಭಿತ್ತಿಚಿತ್ರಗಳನ್ನು ಓರೆಯಾಗಿ ಬೀಳುವ ಬೆಳಕಿನಲ್ಲಿ ನೋಡಿದರೆ ಒಂದೊಂದು ದಿನದ ತೇಪೆಯೂ ಎಣಿಸಬಹುದಾದಂತೆ ಕಾಣುವುದು. ತಪ್ಪಾದರೆ ಒರಸಿ ತಿದ್ದುವಂತಿಲ್ಲ. ಉಳಿಯಿಂದ ಗಾರೆಯನ್ನೇ ಕೀಳಬೇಕು. ಹಸಿಯಲ್ಲಿ ಕಂಡ ಬಣ್ಣವು ಒಣಗಿದ ಮೇಲೆ ತಿಳಿಯಾಗುವುದರಿಂದ ಅದನ್ನೂ ಮೊದಲೇ ಲೆಕ್ಕಹಾಕಿರಬೇಕು. ಸಾರವೆಯ ಮೇಲೆ ಚಾವಣಿಗೆ ಮೊಗವಿಟ್ಟು ನಿಂತವನಿಗೆ ತಾನು ಬರೆಯುತ್ತಿರುವ ಒಂದು ತೋಳು ಅಥವಾ ಒಂದು ಮೋಡವಲ್ಲದೆ ಬೇರೇನೂ ಕಾಣದು. ಇಂತಹ ಸ್ಥಿತಿಯಲ್ಲಿ, ಅಲ್ಲಿಯೇ ನಿಂತು ಆಲೋಚಿಸುವೆನೆನ್ನುವುದು ಆಗದ ಮಾತು. ಆಲೋಚನೆಯೆಲ್ಲವೂ ಬೇರೆ ಕಡೆಯಲ್ಲಿ, ಬೇರೆ ಕಾಲದಲ್ಲಿ, ಮೊದಲೇ ಮುಗಿದಿರಬೇಕು.

ಹಿಂದಿನ ಇಟಲಿಯ ಚಿತ್ರಕಾರರು ಈ ಆಲೋಚನೆಯನ್ನು ಕಾಗದದ ಮೇಲೆ ರೇಖೆಗಳಲ್ಲಿ ಮಾಡುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ‘ಬರೋಕ್’ ಎಂದು ಹೆಸರಾದ ಶೈಲಿಯು ತಲೆಯೆತ್ತಿದಾಗ ರೇಖೆಯೊಂದೇ ಸಾಲದಾಯಿತು. ಚಾವಣಿಯನ್ನೇ ಇಲ್ಲವೆನಿಸಿ ಆಕಾಶವನ್ನು ತೆರೆದು ತೋರುವುದು, ನೂರಾರು ದೇವದೂತರನ್ನು ಬೆಳಕಿನ ಸುಳಿಯಲ್ಲಿ ತೇಲಿಸುವುದು, ಇವು ಆ ಕಾಲದವರ ಆಸೆಗಳು. ಅಲ್ಲಿ ಮುಖ್ಯವಾದುದು ಒಂದೊಂದು ಆಕೃತಿಯ ಅಂಚಲ್ಲ. ಬೆಳಕು ಎಲ್ಲಿ ಗುಂಪಾಗಬೇಕು, ನೆರಳು ಎಲ್ಲಿ ಮಡುಗಟ್ಟಬೇಕು ಎಂಬುದು. ಇದನ್ನು ಪರೀಕ್ಷಿಸಿ ನೋಡುವುದಕ್ಕೆ ತೈಲವರ್ಣದಷ್ಟು ಅನುಕೂಲವಾದುದು ಬೇರೊಂದಿಲ್ಲ. ಎಣ್ಣೆಯು ನಿಧಾನವಾಗಿ ಒಣಗುವುದರಿಂದ ಅಳಿಸಿ, ತೀಡಿ, ಮತ್ತೆ ಬರೆಯಬಹುದು. ಕಂದುಬಣ್ಣ ಬಳಿದ ಮೊಳದುದ್ದದ ಬಟ್ಟೆಯ ಮೇಲೆ ಬೆಳಕಿರುವೆಡೆ ನಾಲ್ಕು ಬಿಳಿಯ ಗೆರೆಗಳನ್ನೂ, ನೆರಳಿರುವೆಡೆ ನಾಲ್ಕು ಕಪ್ಪು ಗೆರೆಗಳನ್ನೂ ಎಳೆದರೆ ನಡುವಣ ಛಾಯೆಯನ್ನು ಹಿನ್ನೆಲೆಯ ಬಣ್ಣವೇ ಒದಗಿಸುತ್ತದೆ. ಹೀಗೆ ಆತುರದಲ್ಲಿ ಬರೆದುದಕ್ಕೆ ಇಟಲಿಯವರು ‘ಬೊಟ್ಸೆತ್ತೊ’ ಎಂದೂ, ಕೆಲಸ ಕೊಟ್ಟವರಿಗೆ ತೋರಿಸಿ ಒಪ್ಪಿಗೆ ಪಡೆಯಲು ತಿದ್ದಿ ತೀಡಿ ಬರೆದುದಕ್ಕೆ ‘ಮೊದೆಲ್ಲೊ’ ಎಂದೂ ಹೆಸರಿಡುವರು. ದೊಡ್ಡ ಚಿತ್ರವು ಮುಗಿದ ಮೇಲೆ ನೆನಪಿಗಾಗಿ ಬರೆದಿಟ್ಟ ಸಣ್ಣ ಪ್ರತಿಯೂ ಉಂಟು, ಅದು ‘ರಿಕೋರ್ದೊ’. ಈ ಮೂರನ್ನು ಬೇರ್ಪಡಿಸುವುದರಲ್ಲಿ ವಿದ್ವಾಂಸರು ಇಂದಿಗೂ ಜಗಳವಾಡುತ್ತಿದ್ದಾರೆ. ನಾವು ಆ ಜಗಳಕ್ಕೆ ಹೋಗಬೇಕಾಗಿಲ್ಲ.

ರೋಮ್ ನಗರದ ಜೆಸು ಇಗರ್ಜಿಯು ಯೇಸುಸಭೆಯವರ, ಎಂದರೆ ಜೆಸ್ವಿಟ್ ಪಾದ್ರಿಗಳ, ತಾಯಿಮನೆ. ಅದರ ಚಾವಣಿಯಲ್ಲಿ ಯೇಸುನಾಮದ ವಿಜಯವನ್ನು ಬರೆದವನು ಗೌಲ್ಲಿ ಎಂಬವನು. 1679ನೆಯ ವರ್ಷದ ಕಡೆಯ ದಿನ ಅದರ ಮುಸುಕನ್ನು ತೆಗೆದರು. ಅಲ್ಲಿ ಪಾಪಿಗಳು ಚಿತ್ರದ ಚೌಕಟ್ಟನ್ನು ದಾಟಿ, ಕಟ್ಟಡದೊಳಕ್ಕೇ ಉರುಳಿ ಬೀಳುತ್ತಿರುವಂತೆ ತೋರುತ್ತದೆ. ಅದೇ ಕಲ್ಪನೆಯ ಸಣ್ಣ ತೈಲಚಿತ್ರವು ರೋಮಿನ ಸ್ಪಾದಾ ಸಂಗ್ರಹಾಲಯದಲ್ಲಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಅದೇ ಸಭೆಯವರ ಇನ್ನೊಂದು ಇಗರ್ಜಿಯುಂಟು. ಅದು ಸಂತ ಇಗ್ನೇಶಿಯಸನದು. ಅದರ ಚಿತ್ರಕಾರನಾದ ಆಂದ್ರೆಯಾ ಪೊಟ್ಸೊ ಪಾದ್ರಿಯಲ್ಲ, ಸಭೆಯ ‘ಸಹೋದರ’ನಾಗಿದ್ದವನು. ಆ ಇಗರ್ಜಿಗೆ ಗುಮ್ಮಟವನ್ನು ಕಟ್ಟಲಾಗದೆ ಹೋದಾಗ, 1685ರಲ್ಲಿ ಅವನು ಸುಮಾರು 17 ಮೀಟರ್ ಅಗಲದ ಬಟ್ಟೆಯ ಮೇಲೆ ಗುಮ್ಮಟವನ್ನು ಬರೆದು ಮೇಲೆ ಕೂಡಿಸಿದನು. ನೆಲದ ಮೇಲೆ ಗುರುತುಮಾಡಿದ ಜಾಗದಲ್ಲಿ ನಿಂತು ನೋಡಿದರೆ ಅದು ನಿಜವಾದ ಗುಮ್ಮಟವೇ. ಅಲ್ಲಿಂದ ದೂರ ಸರಿದರೆ ಕಟ್ಟಡವು ವಾಲಿದಂತೆ ಕಾಣತೊಡಗುತ್ತದೆ.

ಅನಂತರ 1694ರ ವೇಳೆಗೆ ಪೊಟ್ಸೊವು ಆ ಇಗರ್ಜಿಯ ಉದ್ದನೆಯ ಕಮಾನು ಚಾವಣಿಯನ್ನೂ ಬರೆದು ಮುಗಿಸಿದನು. ಕ್ರಿಸ್ತನಿಂದ ಹೊರಟ ಬೆಳಕಿನ ಕಿರಣವು ಇಗ್ನೇಶಿಯಸನ ಎದೆಗೆ ತಾಗಿ, ಅಲ್ಲಿಂದ ಒಡೆದು ನಾಲ್ಕು ಖಂಡಗಳಿಗೂ ಹರಿಯುವುದು ಅದರ ವಿಷಯ. ಒಂಟೆಯ ಮೇಲೆ ಕುಳಿತ ಏಷ್ಯಾ ದೇವಿಯೂ ಅಲ್ಲಿದ್ದಾಳೆ. ಈ ಕೆಲಸಕ್ಕಾಗಿ ಅವನು ಬರೆದ ತೈಲಮಾದರಿಯು ರೋಮಿನ ಬಾರ್ಬೆರಿನಿ ಅರಮನೆಯ ಸಂಗ್ರಹದಲ್ಲಿ ಉಳಿದುಬಂದಿದೆ. ಚಪ್ಪಟೆಯಾದ ಬಟ್ಟೆಯ ಮೇಲಿರುವ ನೆಟ್ಟನೆಯ ಕಂಬವನ್ನು ಬಾಗಿದ ಚಾವಣಿಗೆ ಸಾಗಿಸುವುದು ಹೇಗೆ? ಮಾದರಿಯ ಮೇಲೆ ಚೌಕುಳಿಗಳನ್ನು ಹಾಕಿ, ಅಷ್ಟೇ ಚೌಕುಳಿಗಳುಳ್ಳ ದಾರದ ಬಲೆಯೊಂದನ್ನು ಕಮಾನು ಹೊರಡುವ ಮಟ್ಟದಲ್ಲಿ ಅಡ್ಡಲಾಗಿ ಕಟ್ಟಬೇಕು. ಕೆಳಗೆ ನೋಡುವವನ ಕಣ್ಣಿರುವೆಡೆಯಲ್ಲಿ ದೀಪವಿಟ್ಟರೆ ಬಲೆಯ ನೆರಳು ಕಮಾನಿನ ಮೇಲೆ ಬೀಳುತ್ತದೆ. ಎತ್ತರ ಹೆಚ್ಚಾಗಿ ನೆರಳು ಮಸುಕಾದರೆ, ಅದೇ ಸ್ಥಳದಿಂದ ದಾರವನ್ನು ಎಳೆದು ಗುರುತು ಹಾಕಬೇಕು. ಪೊಟ್ಸೊ 1693 ಮತ್ತು 1700ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿದ್ಯೆಯನ್ನು ಬಿಚ್ಚಿಟ್ಟಿದ್ದಾನೆ. 1729ರಲ್ಲಿ ಚೀನಾದಲ್ಲಿಯೂ ಅದನ್ನಾಧರಿಸಿದ ಪುಸ್ತಕವೊಂದು ಹೊರಬಂದಿತು. ನಮ್ಮ ಕಮ್ಮಾರ ಬಡಗಿಗಳಂತೆ ವಿದ್ಯೆಯನ್ನು ಮನೆಯೊಳಗೇ ಇಟ್ಟುಕೊಳ್ಳುವ ಪದ್ಧತಿ ಆತನಿಗಿರಲಿಲ್ಲವೆಂದು ತೋರುತ್ತದೆ.

ಕರಡಿನ ಬೆಲೆ ಏನೆಂಬುದನ್ನು ವ್ಯವಹಾರದ ಭಾಷೆಯಲ್ಲಿಯೇ ಹೇಳುವ ಪ್ರಸಂಗವೊಂದು ಫ್ಲಾಂಡರ್ಸ್ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆಯಿತು. ಅಲ್ಲಿಯ ಚಿತ್ರಗಳು ಹಸಿ ಗಾರೆಯವಲ್ಲ, ಬರೆದು ಚಾವಣಿಗೆ ಕೂಡಿಸಿದವು. ಆದರೂ ಕರಡಿನ ವಿಷಯದಲ್ಲಿ ನ್ಯಾಯವು ಒಂದೇ. 1620ರ ಮಾರ್ಚ್ 29ರಂದು ಅಲ್ಲಿಯ ಜೆಸ್ವಿಟರು ರೂಬೆನ್ಸನೊಡನೆ ಒಂದು ಕರಾರು ಮಾಡಿಕೊಂಡರು. ತಮ್ಮ ಹೊಸ ಇಗರ್ಜಿಯ ಚಾವಣಿಗೆ 39 ಚಿತ್ರಗಳು ಬೇಕು. ಅವುಗಳ ಸಣ್ಣ ಮಾದರಿಗಳನ್ನು ರೂಬೆನ್ಸನು ಸ್ವಹಸ್ತದಿಂದಲೇ ಬರೆಯತಕ್ಕದ್ದು. ದೊಡ್ಡ ಚಿತ್ರಗಳನ್ನು ವ್ಯಾನ್ ಡೈಕನೂ ಇತರ ಶಿಷ್ಯರೂ ಬರೆಯಬಹುದು. ರೂಬೆನ್ಸನು ಅವುಗಳನ್ನು ತಿದ್ದಿ ಪೂರೈಸತಕ್ಕದ್ದು. ಕೆಲಸ ಮುಗಿದ ಮೇಲೆ ಆ 39 ಮಾದರಿಗಳನ್ನೂ ಸಭೆಗೆ ಒಪ್ಪಿಸಬೇಕು, ಇಲ್ಲವೆ ಅವುಗಳಿಗೆ ಬದಲಾಗಿ ಪಕ್ಕದ ಪೀಠಕ್ಕೆ ಒಂದು ದೊಡ್ಡ ಚಿತ್ರವನ್ನು ಬರೆದುಕೊಡಬೇಕು.

ರೂಬೆನ್ಸನು ಎರಡನೆಯದನ್ನು ಆರಿಸಿಕೊಂಡನು. ಪೀಠದ ಚಿತ್ರವನ್ನು ಬರೆದುಕೊಟ್ಟು, ಸಣ್ಣ ಹಲಗೆಗಳನ್ನು ತನ್ನಲ್ಲಿಯೇ ಇಟ್ಟುಕೊಂಡನು. ಈ ಕರಾರನ್ನು ನೋಡಿದರೆ ನಮಗೆ ಮೊದಲು ಆಶ್ಚರ್ಯವಾಗುತ್ತದೆ. ದೊಡ್ಡದನ್ನು ಶಿಷ್ಯರು ಬರೆದರೆ ಆದೀತು, ಸಣ್ಣದನ್ನು ಗುರುವೇ ಬರೆಯಬೇಕೆಂದು ಹಣ ಕೊಡುವವರೇ ಹೇಳುತ್ತಿದ್ದಾರೆ! ಆದರೆ ನಿಧಾನಿಸಿದರೆ ಪಾದ್ರಿಗಳ ಲೆಕ್ಕಾಚಾರವು ಸರಿಯಾದುದೇ. ಕಲ್ಪನೆಯು ಹುಟ್ಟುವ ಸ್ಥಳದಲ್ಲಿ ಕಲ್ಪಕನ ಕೈಯಿರಬೇಕು. ಹುಟ್ಟಿದುದನ್ನು ಹಿಗ್ಗಿಸುವ ಕೆಲಸವನ್ನು ಬಲ್ಲವರು ಯಾರಾದರೂ ಮಾಡಿಯಾರು. 1718ರ ಜುಲೈ 18ರಂದು ಆ ಇಗರ್ಜಿಗೆ ಸಿಡಿಲು ಬಡಿದು, ಚಾವಣಿಯ 39 ಚಿತ್ರಗಳೂ ಬೆಂಕಿಗೆ ಆಹುತಿಯಾದುವು. ಗುರುವು ಒಪ್ಪಿಸದೆ ಇಟ್ಟುಕೊಂಡ ಹಲಗೆಗಳಲ್ಲಿ ಎಷ್ಟೋ ಉಳಿದುಕೊಂಡು, ಇಂದು ವಿಯೆನ್ನಾ, ಪ್ಯಾರಿಸ್, ಲಂಡನ್ ಮೊದಲಾದ ಕಡೆಗಳ ಸಂಗ್ರಹಾಲಯಗಳಲ್ಲಿವೆ. ಅವು ಪಾದ್ರಿಗಳ ವಶಕ್ಕೆ ಹೋಗಿ ಆ ಕಟ್ಟಡದಲ್ಲಿಯೇ ಇದ್ದಿದ್ದರೆ ಏನಾಗುತ್ತಿತ್ತೋ!

ನೂರು ವರ್ಷಗಳ ಮೇಲೆ ಈ ವಿಚಾರವು ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. ವೆನಿಸ್ ನಗರದ ಸೆಬಾಸ್ತಿಯಾನೊ ರಿಚ್ಚಿಯು 1731ರಲ್ಲಿ ಬೆರ್ಗಮೊ ಪಟ್ಟಣದ ಇಗರ್ಜಿಯೊಂದಕ್ಕೆ ಪೀಠದ ಚಿತ್ರವನ್ನು ಬರೆಯುತ್ತಿದ್ದನು. ಅದರ ಸಂಬಂಧವಾಗಿ ಅಲ್ಲಿಯ ಪ್ರಭುವೊಬ್ಬನಿಗೆ ಬರೆದ ಕಾಗದದಲ್ಲಿ, ತಾನು ಮೊದಲು ಬರೆದ ಚಿಕ್ಕದೇ ಮೂಲವೆಂದೂ, ಪೀಠದ ಮೇಲಿನ ದೊಡ್ಡದು ಅದರ ನಕಲೆಂದೂ ತಿಳಿಸಿದನು. ಪ್ರಭುವಿಗೆ ಚಿಕ್ಕದರ ಮೇಲೆ ಆಸೆ ಹುಟ್ಟಿಸಲು ಹೇಳಿದ ಮಾತಿದು ಎಂದು ನಗುವವರೂ ಉಂಟು. ಆ ನಗೆಯಲ್ಲಿ ಸ್ವಲ್ಪ ನಿಜವಿರಬಹುದು. ಅಷ್ಟರೊಳಗೆ ಕರಡುಗಳನ್ನು ಕೊಂಡು ಮನೆಯಲ್ಲಿಡುವ ರಸಿಕರು ಹುಟ್ಟಿಕೊಂಡಿದ್ದರು. ಆದರೂ ಚಿತ್ರಕಾರನು ತಾನಾಗಿ ಹೇಳಿದ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ.

ನನ್ನ ಮಟ್ಟಿಗೆ ರಿಚ್ಚಿಯ ಮಾತು ಪೀಠದ ಚಿತ್ರಕ್ಕೆ ಒಪ್ಪುವಷ್ಟು ಚಾವಣಿಯ ಚಿತ್ರಕ್ಕೆ ಒಪ್ಪುವುದಿಲ್ಲ. ಕೈಯಲ್ಲಿ ಹಿಡಿದು ನೋಡುವ ಬಟ್ಟೆಯಲ್ಲಿ ಎತ್ತರವೆಂಬುದಿಲ್ಲ. ಕತ್ತು ನೋಯುವಂತೆ ತಲೆಯೆತ್ತಿ ನಿಂತು, ನಡೆದಂತೆಲ್ಲ ಆಕಾಶವೂ ತನ್ನೊಡನೆ ನಡೆಯುವುದೆಂಬ ಭ್ರಮೆ ಅದರಲ್ಲಿ ಹುಟ್ಟಲಾರದು. ಚಾವಣಿಯು ಕರಡಿನ ನಕಲಲ್ಲ, ಅದರ ಫಲ. ಆದರೆ ಕರಡಿನಲ್ಲಿರುವ ಒಂದು ವಸ್ತು ಚಾವಣಿಯಲ್ಲಿಲ್ಲ: ಇನ್ನೂ ನಿಶ್ಚಯವಾಗದ ಮನಸ್ಸು. ಎತ್ತಿದ ಕೈಯನ್ನು ಇಳಿಸಿದ ಗುರುತು, ಒಬ್ಬ ದೇವದೂತನನ್ನು ಅಳಿಸಿ ಮೋಡ ಮಾಡಿದ ಗುರುತು, ಇವು ಅಲ್ಲಿ ಹಾಗೆಯೇ ಕಾಣುತ್ತವೆ. ಗಾರೆಯು ನಿಶ್ಚಯಿಸಿದವರನ್ನು ಮಾತ್ರ ಹತ್ತಿರಕ್ಕೆ ಬಿಟ್ಟುಕೊಳ್ಳುತ್ತದೆ.

ವೆನಿಸ್ಸಿನ ಸ್ಕಾಲ್ತ್ಸಿ ಇಗರ್ಜಿಯ ಕಥೆ ಇನ್ನೂ ದುಃಖಕರವಾದುದು. ಅದರ ಚಾವಣಿಯಲ್ಲಿ ಟಿಯೆಪೊಲೊ 1743ರಿಂದ 1745ರವರೆಗೆ, ದೇವದೂತರು ಮರಿಯಮ್ಮನವರ ಮನೆಯನ್ನೇ ಎತ್ತಿ ಲೊರೆತೊ ಊರಿಗೆ ಹೊತ್ತೊಯ್ಯುವುದನ್ನು ಬರೆದಿದ್ದನು. ಮೊದಲನೆಯ ಮಹಾಯುದ್ಧದಲ್ಲಿ, 1915ರ ಅಕ್ಟೋಬರ್ ತಿಂಗಳಿನಲ್ಲಿ, ಆಸ್ಟ್ರಿಯದವರ ಬಾಂಬು ಬಿದ್ದು ಆ ಚಾವಣಿ ಪುಡಿಯಾಯಿತು. ಕೆಲವು ತುಣುಕುಗಳನ್ನು ಮಾತ್ರ ಆಯ್ದು ಇಡಲಾಯಿತು. ಟಿಯೆಪೊಲೊ ಇದಕ್ಕಾಗಿ ಬರೆದ ತೈಲಕರಡುಗಳಲ್ಲಿ ಒಂದು ವೆನಿಸ್ಸಿನ ಅಕಾಡೆಮಿಯಲ್ಲಿಯೂ, ಇನ್ನೊಂದು ಅಮೇರಿಕಾದ ಲಾಸ್ ಏಂಜಲಿಸ್ ನಗರದ ಗೆಟ್ಟಿ ಸಂಗ್ರಹಾಲಯದಲ್ಲಿಯೂ ಇವೆ. ಎರಡನ್ನೂ ಹೋಲಿಸಿದರೆ ಮನೆಯು ಆಕಾಶದಲ್ಲಿ ಎಲ್ಲಿ ತೇಲಬೇಕೆಂಬುದನ್ನು ಅವನು ಎರಡು ಬಗೆಯಾಗಿ ಯೋಚಿಸಿದನೆಂಬುದು ತಿಳಿಯುತ್ತದೆ. ಇಲ್ಲಿ ಚಿಕ್ಕದೇ ಮೂಲವೋ ಅಲ್ಲವೋ ಎಂಬ ತರ್ಕಕ್ಕೆ ಎಡೆಯಿಲ್ಲ. ಇಡಿಯಾಗಿ ಉಳಿದಿರುವುದು ಚಿಕ್ಕದೊಂದೇ.

ಹಾಗೆ ಚಿಕ್ಕದೂ ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ದೇಶದ ಭಿತ್ತಿಚಿತ್ರಕಾರರ ಪದ್ಧತಿಯೇ ಬೇರೆ. ಹಳೆಯ ಕೋಲಾರ ಜಿಲ್ಲೆಯ ಉತ್ತರದ ಅಂಚಿನಾಚೆ, ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿ ವಿಜಯನಗರದ ಅಚ್ಯುತರಾಯನ ಕಾಲದ ವೀರಭದ್ರ ದೇವಾಲಯದ ಮಾಳಿಗೆಯನ್ನು ನೋಡಿದವರಿಗೆ ಇದು ತಿಳಿದೀತು. ಅಲ್ಲಿ ಗಾರೆಯ ಮೇಲೆಯೇ ರೇಖೆ ಎಳೆದು, ಅದರೊಳಗೆ ಬಣ್ಣ ತುಂಬಿ, ಮತ್ತೆ ಕಪ್ಪಿನಿಂದ ಅಂಚು ಕಟ್ಟಿದ್ದಾರೆ. ಕರಡೂ ಚಿತ್ರವೂ ಒಂದೇ ಗೋಡೆಯಲ್ಲಿ, ಒಂದರ ಮೇಲೊಂದಾಗಿ ಇವೆ. ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರು ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟ ಇದ್ದಿಲಿನಿಂದ ಮೊದಲ ಗೆರೆಗಳನ್ನು ಎಳೆಯುತ್ತಿದ್ದರು. ಆ ಗೆರೆಯೂ ಬಣ್ಣದ ಕೆಳಗೆ ಮುಚ್ಚಿಹೋಗುತ್ತಿತ್ತು. (ಹುಣಸೆಯ ತೋಪುಗಳ ನಮ್ಮ ಸೀಮೆಯವರು ಇದನ್ನು ಕೇಳಿ ಸಂತೋಷಪಡಬಹುದು.) ಈ ಪದ್ಧತಿಯಲ್ಲಿ ಕೈಯ ಧೈರ್ಯವು ಹೆಚ್ಚು. ಆದರೆ ಗೋಡೆ ಹೋದರೆ ಎಲ್ಲವೂ ಹೋಯಿತು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಇದಕ್ಕೆ ಸಾಕ್ಷಿ. 1784ರಲ್ಲಿ ಟೀಪು ಸುಲ್ತಾನನು ಕಟ್ಟಿಸಿದ ಆ ಅರಮನೆಯ ಗೋಡೆಯ ಮೇಲೆ, ನಾಲ್ಕು ವರ್ಷಗಳ ಹಿಂದೆ ನಡೆದ ಪೊಳ್ಳಿಲೂರಿನ ಕದನದ ಚಿತ್ರವನ್ನು ಬರೆಸಲಾಗಿತ್ತು. ಕಾಲಾಂತರದಲ್ಲಿ ಗೋಡೆಯು ಕೆಟ್ಟು, ಸುಣ್ಣವನ್ನೂ ಹೊಡೆಸಿಕೊಂಡಿತು. 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿಯು ಅದನ್ನು ನೋಡಿ ಮರಳಿ ಬರೆಸಬೇಕೆಂದು ಆಜ್ಞೆ ಮಾಡಿದಾಗ, ಮೊದಲಿನ ಚಿತ್ರವು ನೆನಪಿದ್ದ ಸ್ಥಳೀಯ ಚಿತ್ರಕಾರನೊಬ್ಬನು ದೊರೆತುದು ಪುಣ್ಯವೆಂದೇ ಹೇಳಬೇಕು. ಇಡಿಯ ಕದನವು ಒಬ್ಬ ಮನುಷ್ಯನ ಸ್ಮರಣೆಯ ಮೇಲೆ ನಿಂತಿತ್ತು. ಅದೇ ಕದನವನ್ನು ಅದೇ ರೀತಿಯಲ್ಲಿ ಹಲವು ದೊಡ್ಡ ಕಾಗದದ ಹಾಳೆಗಳ ಮೇಲೆ ಬರೆದ ಹಳೆಯ ಚಿತ್ರವೊಂದು ಕಡಲಾಚೆಗೆ ಹೋಗಿ, 2010ರಲ್ಲಿಯೂ ಮತ್ತೆ 2022ರಲ್ಲಿಯೂ ಲಂಡನ್ನಿನಲ್ಲಿ ಹರಾಜಾಯಿತು. ಗೋಡೆಯನ್ನು ಮರಳಿ ಬರೆಯುವವನ ಕೈಗೆ ಅಂತಹದೊಂದು ಸಿಕ್ಕಿದ್ದರೆ!

ಈಗ ಮರಳಿ ಮಂಗಳೂರಿಗೆ ಬರೋಣ. ಬಾವುಟಗುಡ್ಡೆಯ ಚಿತ್ರಗಳನ್ನು 1899ರಿಂದ 1901ರವರೆಗೆ ಬರೆದ ಆಂತೋನಿಯೊ ಮೊಸ್ಕೇನಿಯು 1854ರಲ್ಲಿ ಬೆರ್ಗಮೊ ಪಟ್ಟಣದ ಬಳಿಯ ಸ್ತೆತ್ಸಾನೊ ಎಂಬ ಊರಿನಲ್ಲಿ ಹುಟ್ಟಿದವನು. ರಿಚ್ಚಿಯು ‘ಚಿಕ್ಕದೇ ಮೂಲ’ವೆಂದು ಕಾಗದ ಬರೆದುದು ಈ ಬೆರ್ಗಮೊವಿಗೇ. ಟಿಯೆಪೊಲೊ 1732–33ರಲ್ಲಿ ಕೊಲ್ಲೆಯೋನಿ ಮಂದಿರದ ಭಿತ್ತಿಚಿತ್ರಗಳನ್ನು ಬರೆದುದೂ ಅಲ್ಲಿಯೇ. ಆ ಪಟ್ಟಣದ ಕರ್ರಾರಾ ಕಲಾಶಾಲೆಯಲ್ಲಿ ಓದಿದ ಮೊಸ್ಕೇನಿಯು ಮೂವತ್ತೈದು ವರ್ಷ ವಯಸ್ಸಿನಲ್ಲಿ, ಎಂದರೆ 1889ರಲ್ಲಿ, ಪೊಟ್ಸೊವಿನಂತೆಯೇ ಯೇಸುಸಭೆಯ ಸಹೋದರನಾದನು. ಇನ್ನೂ ಒಂದು ಸಂಬಂಧವುಂಟು. ಮಂಗಳೂರಿನ ಮಂದಿರವು ಯಾರ ಹೆಸರಿನದೋ ಆ ಅಲೋಶಿಯಸನು ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳಿಗೆ ಶುಶ್ರೂಷೆ ಮಾಡಿ, 1591ರಲ್ಲಿ 23ನೆಯ ವಯಸ್ಸಿನಲ್ಲಿ ತಾನೂ ತೀರಿಕೊಂಡವನು. ಅವನ ಅವಶೇಷಗಳಿರುವುದು, ಪೊಟ್ಸೊ ಆಕಾಶವನ್ನು ತೆರೆದು ತೋರಿಸಿದ ಆ ಸಂತ ಇಗ್ನೇಶಿಯಸನ ಇಗರ್ಜಿಯಲ್ಲಿ. ಆ ಪೀಠದ ವಿನ್ಯಾಸವೂ ಪೊಟ್ಸೊವಿನದೇ. ಮಂಗಳೂರಿನ ಮಂದಿರದಲ್ಲಿ ಆ ರೋಗಿಗಳ ಶುಶ್ರೂಷೆಯ ಚಿತ್ರವನ್ನು ನೋಡುವಾಗಲೂ, ಇಲ್ಲದ ಕಂಬಗಳನ್ನು ಇದ್ದಂತೆ ನಿಲ್ಲಿಸಿದ ಕೈಚಳಕವನ್ನು ನೋಡುವಾಗಲೂ ಇದನ್ನು ನೆನೆಯುವುದು ಉಚಿತ. ಬರೋಕ್ ಯುಗವು ಯೂರೋಪಿನಲ್ಲಿ ಮುಗಿದು ನೂರು ವರ್ಷಗಳಿಗೆ ಮೇಲಾದ ಬಳಿಕ, ಆ ವಿದ್ಯೆಯ ಒಂದು ಕವಲು ನಮ್ಮ ಪಡುವಣ ಕರಾವಳಿಯಲ್ಲಿ ಚಿಗುರಿತು.

ಹಸಿ ಗಾರೆಯ ಮೇಲೆ ಬರೆದವುಗಳೂ, ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದು ಕೂಡಿಸಿದವುಗಳೂ ಎರಡೂ ಈ ಮಂದಿರದಲ್ಲಿವೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಊರಿನಲ್ಲಿ ಎರಡಕ್ಕೂ ಅಪಾಯವೇ. ತೊಂಬತ್ತು ವರ್ಷಗಳ ಮಳೆಗಾಲದಲ್ಲಿ ನೊಂದ ಚಿತ್ರಗಳನ್ನು 1991ರಿಂದ 1994ರವರೆಗೆ ‘ಇಂಟ್ಯಾಕ್’ ಸಂಸ್ಥೆಯ ತಜ್ಞರು ಶುದ್ಧಿಮಾಡಿ ಸರಿಪಡಿಸಿದರು. ಇಂತಹ ಕೆಲಸ ಮಾಡುವವರು ಬಣ್ಣ ಉದುರಿದ ಜಾಗದಲ್ಲಿ ಎಷ್ಟನ್ನು ತುಂಬಬೇಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ಪ್ರತಿ ಅಂಗುಲದಲ್ಲಿಯೂ ನಿರ್ಣಯಿಸಬೇಕಾಗುತ್ತದೆ. ಚಿತ್ರಕಾರನ ಕೈಯ ಚಿಕ್ಕ ಮಾದರಿಯೊಂದು ಎದುರಿಗಿದ್ದರೆ ಆ ನಿರ್ಣಯಕ್ಕೆ ಆಧಾರವಿರುವುದು. ಇಲ್ಲದಿದ್ದರೆ ಊಹೆಯೇ ಗತಿ. ಆದುದರಿಂದ ಕರಾವಳಿಯ ಹಳೆಯ ಮನೆತನಗಳವರಲ್ಲಿಯೂ, ಇಗರ್ಜಿಗಳ ಅಧಿಕಾರಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆ. ಅಟ್ಟವನ್ನೋ ಪೆಟ್ಟಿಗೆಯನ್ನೋ ತೆರವು ಮಾಡುವಾಗ ಚೌಕಟ್ಟಿಲ್ಲದ, ಅರೆಬರೆಯಾಗಿ ಬರೆದ, ಚೌಕುಳಿ ಗೆರೆಗಳಿರುವ ಬಣ್ಣದ ಬಟ್ಟೆಯ ತುಂಡೋ ಹಲಗೆಯೋ ಕಂಡರೆ, ಅದು ಮುಗಿಯದ ಚಿತ್ರವೆಂದು ಎಸೆಯದಿರಿ. ಬಲ್ಲವರಿಗೆ ಒಮ್ಮೆ ತೋರಿಸಿ.

ಮೊಸ್ಕೇನಿಯು ಅನಂತರ ಮುಂಬಯಿಯ ಹೋಲಿ ನೇಮ್ ಇಗರ್ಜಿಯಲ್ಲಿಯೂ ಭಿತ್ತಿಚಿತ್ರಗಳನ್ನು ಬರೆದು, ಕಡೆಗೆ ಕೊಚ್ಚಿಯ ಸಾಂತಾ ಕ್ರೂಸ್ ಇಗರ್ಜಿಯ ಅಲಂಕಾರವನ್ನು ವಹಿಸಿಕೊಂಡನು. ಅಲ್ಲಿ ಅವನ ಜೊತೆಗೆ ಮಂಗಳೂರಿನವನೇ ಆದ ಡಿ ಗಾಮಾ ಎಂಬ ಶಿಷ್ಯನಿದ್ದನು. ಪ್ರತಿಷ್ಠೆಯ ದಿನವು 1905ರ ನವೆಂಬರ್ 19 ಎಂದು ಗೊತ್ತಾಗಿತ್ತು. ಅದಕ್ಕೆ ನಾಲ್ಕು ದಿನ ಮೊದಲು, 15ರಂದು, ಮೊಸ್ಕೇನಿಯು ಕೊಚ್ಚಿಯಲ್ಲಿಯೇ ಕಾಲವಾದನು. ಗುರುವಿನ ಚಿತ್ರಗಳ ಕೆಳಗೆ ನಡೆದ ಪ್ರತಿಷ್ಠೆಗೆ ಗುರುವು ಇರಲಿಲ್ಲ.